ಉಳಿದ ಮೂರಡಿ ಪೈಪು

ಶೋಳಿಂಗನಲ್ಲೂರಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮೊನ್ನೆ ಪ್ಲಂಬರ್ ಏಳುಮಲೈ ಕುಕ್ಕರಗಾಲಿನಲ್ಲಿ ಕುಳಿತು ಪಿವಿಸಿ ಪೈಪಿನ ತುದಿಯನ್ನು ಬೆಂಕಿಗೆ ಹಿಡಿದಿದ್ದ. ಅಂಗಡಿಯಲ್ಲಿ ಸಾಕೆಟ್ ಸಿಗಲಿಲ್ಲವಂತೆ. ತುದಿ ಕಾಯಿಸಿ ಮೆತ್ತಗೆ ಮಾಡಿ ಇನ್ನೊಂದು ಪೈಪನ್ನು ಅದರೊಳಗೆ ತುರುಕಿದರೆ ಅದೇ ಸಾಕೆಟ್ ಆಗುತ್ತದೆ ಎಂದು ಅವನ ವಾದ. ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದ ನಾನು ಆ ವಾಸನೆ ಬಂದೊಡನೆ ಲೋಟ ಕೆಳಗಿಟ್ಟೆ. ಸ್ವಲ್ಪ ಸಿಹಿ, ಗಂಟಲು ಕೆರೆಯುವಂಥದ್ದು, ಒಮ್ಮೆ ಮೂಗಿಗೆ ಹೊಕ್ಕರೆ ಸಂಜೆಯವರೆಗೆ ಬಿಡುವುದಿಲ್ಲ. ಎರಡು ಸಾವಿರದ ಐದನೇ ಇಸವಿಯ ಬೇಸಿಗೆಯಲ್ಲಿ ತಿರುವಲ್ಲಿಕೇಣಿಯ ನಮ್ಮ ಹಳೆಯ ಮನೆಯಲ್ಲಿ ಇದೇ ವಾಸನೆಯನ್ನು ನಾನೇ ಎಬ್ಬಿಸಿದ್ದೆ. ಆಗ ನನಗೆ ಇಪ್ಪತ್ತೈದು. ಆ ವರ್ಷವನ್ನು ನೆನೆದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ನಮ್ಮದು ಮೂರು ತಲೆಮಾರಿನಿಂದ ಮದರಾಸಿನಲ್ಲಿ ಬೇರುಬಿಟ್ಟ ಮನೆತನ. ಮುತ್ತಜ್ಜ ಆನೇಕಲ್ ಕಡೆಯಿಂದ ಬಂದು ತಿರುವಲ್ಲಿಕೇಣಿಯಲ್ಲಿ ಬಾಡಿಗೆ ಮನೆ ಹಿಡಿದರಂತೆ, ಅಜ್ಜ ಅದೇ ಮನೆಯನ್ನು ಕೊಂಡರು. ಒಳಗೆ ಕನ್ನಡ, ಬೀದಿಯಲ್ಲಿ ತಮಿಳು, ಜಗಳಕ್ಕೆ ಎರಡೂ. ಅಪ್ಪ ಮಣಲಿಯ ತೈಲಾಗಾರವೊಂದರಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದರು. ಒತ್ತಡ, ಉಷ್ಣ, ಮಟ್ಟ ತೋರಿಸುವ ಗೇಜುಗಳನ್ನು ಓದುವುದು, ತಪ್ಪು ತೋರಿಸಿದರೆ ಸರಿಪಡಿಸುವುದು, ಇಷ್ಟೇ ಅವರ ಆಯುಷ್ಯದ ಕೆಲಸ. ಅದರ ಚಾಳಿ ಮನೆಗೂ ಬಂದಿತ್ತು. ‘ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ’ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ‘ಕಾಲು ಚಮಚ ಕಮ್ಮಿ’ ಎಂದೇ ಹೇಳುತ್ತಿದ್ದರು. ಅಮ್ಮನಿಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ನಿವೃತ್ತಿಯಾದ ಮೇಲೆ ಅವರು ವಾರವಿಡೀ ಕಾಯುತ್ತಿದ್ದದ್ದು ಗುರುವಾರಕ್ಕೆ. ತೊಂಬತ್ತರ ದಶಕದ ಕೊನೆಯಲ್ಲಿ ಕೊಂಡ ಬಿಳಿಯ ಸಣ್ಣ ಕಾರೊಂದು ನಮ್ಮ ಮನೆ ಮುಂದೆ ಇತ್ತು. ಗುರುವಾರ ಬೆಳಿಗ್ಗೆ ಅಮ್ಮನನ್ನೂ, ಪಕ್ಕದ ಮನೆಯ ವಾದಿರಾಜ ಮಾವನನ್ನೂ ಅದರಲ್ಲಿ ಕೂರಿಸಿಕೊಂಡು ಪಶ್ಚಿಮ ಮಾಂಬಲದ ರಾಯರ ಮಠಕ್ಕೆ ಹೋಗಿಬರುವುದು ಅಪ್ಪನ ನೇಮ. ವಾದಿರಾಜ ಮಾವ ಅಪ್ಪನ ಬಾಲ್ಯದ ಗೆಳೆಯರು. ಮಂಡಿನೋವಿನಿಂದ ಬಸ್ಸು ಹತ್ತಲಾರರು, ಆದರೆ ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ. ಹೊರಟ ಕ್ಷಣದಿಂದ ಮಠದ ಬಾಗಿಲವರೆಗೂ ಅಪ್ಪನ ಡ್ರೈವಿಂಗನ್ನು ಗೇಲಿ ಮಾಡುತ್ತಲೇ ಇರುತ್ತಿದ್ದರು. ಪಂಚೆ ಉಟ್ಟು, ಮುದ್ರೆ ಹಾಕಿಕೊಂಡು, ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು ಕೂತ ಅಪ್ಪನ ಮುಖದಲ್ಲಿ ಆ ಒಂದು ಬೆಳಿಗ್ಗೆ ಕಾಣುತ್ತಿದ್ದ ಕಳೆ ಬೇರೆ ದಿನ ಕಾಣುತ್ತಿರಲಿಲ್ಲ.

ಮಳೆಗಾಲದಲ್ಲಂತೂ ಅವರನ್ನು ನೋಡಬೇಕು. ಮಾಂಬಲಕ್ಕೆ ರೈಲು ಹಳಿಯ ಅಡಿಯ ಸಬ್‌ವೇ ದಾಟಿ ಹೋಗಬೇಕು, ನಾಲ್ಕು ಹನಿ ಬಿದ್ದರೆ ಅಲ್ಲಿ ನೀರು ನಿಲ್ಲುತ್ತದೆ. ಮಿಕ್ಕವರು ಹಾರ್ನ್ ಬಡಿಯುತ್ತಾ ನುಗ್ಗುವಾಗ ಅಪ್ಪ ಇಳಿಜಾರಿನ ಮೇಲೆಯೇ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಯಾವುದಾದರೂ ಸೈಕಲ್ ನೀರಿಗೆ ಇಳಿಯಲಿ ಎಂದು ಕಾಯುತ್ತಿದ್ದರು. ಪೆಡಲಿನ ಹಲ್ಲುಚಕ್ರ ಅರ್ಧವಾದರೂ ನೀರಿನ ಮೇಲೆ ಕಾಣುತ್ತಿದ್ದರೆ ಹೋಗಬಹುದು, ಪೂರ್ತಿ ಮುಳುಗಿದರೆ ಗಾಡಿ ತಿರುಗಿಸಬೇಕು. ಇದು ಅವರೇ ಕಂಡುಕೊಂಡ ಅಳತೆ. ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಬಾನೆಟ್ ಎತ್ತಿ, ಏರ್ ಫಿಲ್ಟರಿನ ಕಪ್ಪು ಡಬ್ಬಿಯನ್ನೂ ಅದರ ಕೊಳವೆಯನ್ನೂ ತೋರಿಸಿ ಹೇಳಿದ್ದರು.

“ಇದು ಗಾಡೀ ಮೂಗು. ಉಸಿರು ಎಳ್ಕೊಳ್ಳೋದು ಇಲ್ಲಿಂದ. ಹೆಡ್‌ಲೈಟ್‌ಗಿಂತ ಮೇಲೆ ಇಟ್ಟಿದಾನೆ ನೋಡು ಕಂಪನಿಯೋನು. ಯಾಕ್ ಹೇಳು? ಇದರೊಳಗೆ ನೀರು ಹೋದ್ರೆ ಇಂಜಿನ್ ಅಂಬೋದು ಮುಗೀತು.”

ಅಂಥ ಅಳತೆಯಿಂದಲೇ ಇಪ್ಪತ್ತು ವರ್ಷ, ಎರಡು ಕಾರು, ಒಂದು ಸಲವೂ ಅವರು ನೀರಿನಲ್ಲಿ ಸಿಕ್ಕಿಕೊಂಡಿರಲಿಲ್ಲ.

ಆದರೆ ನಾನು ಹೇಳುತ್ತಿರುವ ಹೊತ್ತಿಗೆ ಮದರಾಸಿನಲ್ಲಿ ಮಳೆಯ ಮಾತೇ ಯಾರಿಗೂ ನೆನಪಿರಲಿಲ್ಲ. ಸಾಲಾಗಿ ಬರ. ಬೀದಿಯ ಮೂಲೆಗೆ ನೀರಿನ ಲಾರಿ ಬಂದರೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಓಡುತ್ತಿದ್ದವು. ಮಡಿಯುಟ್ಟ ನಮ್ಮಮ್ಮ ಕ್ಯೂನಲ್ಲಿ ನಿಂತು ತಮಿಳಿನಲ್ಲಿ ಜಗಳವಾಡುವುದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಎಲ್ಲ ಮನೆಗಳಿಗೂ ಮಳೆನೀರು ಇಂಗಿಸುವ ಪೈಪು ಹಾಕಿಸಲೇಬೇಕೆಂದು ಸರ್ಕಾರದ ಆಜ್ಞೆಯಾಗಿ, ನಮ್ಮ ಮಹಡಿಯಿಂದ ಅಂಗಳದ ಗುಂಡಿಗೂ ದಪ್ಪ ಪಿವಿಸಿ ಪೈಪು ಇಳಿದಿತ್ತು. ಪೈಪು ಬಂದು ಎರಡು ವರ್ಷವಾದರೂ ಅದರಲ್ಲಿ ಇಳಿಯಲು ಹೇಳಿಕೊಳ್ಳುವಂಥ ಮಳೆ ಬಂದಿರಲಿಲ್ಲ. ಅಪ್ಪ ಆಗಾಗ ಗುಂಡಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚುತ್ತಿದ್ದರು. ಕೆಲಸದವರು ಬಿಟ್ಟುಹೋದ ಮೂರಡಿಯ ತುಂಡೊಂದು ಮಹಡಿಯ ಟ್ಯಾಂಕಿನ ಪಕ್ಕದಲ್ಲಿ ಬಿದ್ದಿತ್ತು.

ನಾನು ಇದೇ ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಆಫೀಸಿನ ಕ್ಯಾಬಿನಲ್ಲಿ ಹೋಗಿ ಬಂದು ಮಾಡುತ್ತಿದ್ದೆ. ನನ್ನ ಪಕ್ಕದ ಸೀಟಿನ ಸೆಂದಿಲ್‌ಗೆ ಕಾರಿನ ಹುಚ್ಚು. ಅವನ ಕಾರು ಹೊರಟರೆ ಪಾರ್ಕಿಂಗಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಿದ್ದರು, ಅಂಥ ಗುಟುರು. ನನಗೆ ಹೊಟ್ಟೆ ಉರಿಯಿತು, ಮುಚ್ಚಿಡುವುದೇನು. ಅವನೇ ಇಂಟರ್‌ನೆಟ್ಟಿನ ಪುಟವೊಂದನ್ನು ಆಫೀಸಿನ ಪ್ರಿಂಟರಿನಲ್ಲಿ ತೆಗೆದು ನನ್ನ ಕೈಗಿತ್ತ. ಇಂಜಿನ್ನಿನ ಪಕ್ಕದ ಬಿಸಿಗಾಳಿಗಿಂತ ಹೊರಗಿನ ತಣ್ಣಗಿನ ಗಾಳಿ ಸಾಂದ್ರವಾಗಿರುತ್ತದೆ, ಅದನ್ನು ಕುಡಿಸಿದರೆ ಗಾಡಿಗೆ ಕಸುವು ಹೆಚ್ಚು. ಆದ್ದರಿಂದ ಕಂಪನಿಯ ಡಬ್ಬಿ ಕಿತ್ತುಹಾಕಿ, ಕೋನಿನ ಆಕಾರದ ಫಿಲ್ಟರೊಂದನ್ನು ಉದ್ದದ ಪೈಪಿಗೆ ಸಿಕ್ಕಿಸಿ, ಅದನ್ನು ಬಂಪರಿನ ಹಿಂದೆ ಕೆಳಗೆ ಗಾಳಿಗೆ ಒಡ್ಡಬೇಕು. ಸಿದ್ಧ ಕಿಟ್ಟು ಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಕೊಳಾಯಿ ಪೈಪಿನಿಂದ ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ಅದೇ ಪುಟದಲ್ಲಿತ್ತು. ಕೊಳಾಯಿ ಪೈಪು ಎಂದೊಡನೆ ಟ್ಯಾಂಕಿನ ಪಕ್ಕದ ತುಂಡು ಕಣ್ಣ ಮುಂದೆ ಬಂತು.

ಪುಟದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ರಸ್ತೆಯಲ್ಲಿ ನೀರು ನಿಲ್ಲುವ ಊರುಗಳಲ್ಲಿ ಪೈಪಿನ ಬಾಯನ್ನು ಇಷ್ಟು ಕೆಳಗೆ ಇಡಬೇಡಿ ಎಂದು. ಅದನ್ನು ನಾನು ಓದಿದೆ. ಓದಲಿಲ್ಲ ಎಂದು ಈಗ ಸುಳ್ಳು ಹೇಳಲಾರೆ. ಓದುತ್ತಿರುವಾಗಲೇ ಕೆಳಗಿನಿಂದ ಅಮ್ಮ, “ಪ್ರಾಣೇಶಾ, ತಣ್ಣಿ ಲಾರಿ ಬಂದ್ಬಿಡ್ತು, ಕೊಡ ತಗೊಂಡು ಓಡ್ಬಾರೋ” ಎಂದು ಕೂಗಿದಳು. ಎರಡು ಕೊಡ ಹಿಡಿದು ಓಡುತ್ತಾ, ನೀರು ನಿಲ್ಲುವ ಊರಂತೆ ಎಂದು ನಕ್ಕೆ.

ಮುಂದಿನ ಶನಿವಾರ ಪುದುಪೇಟೆಗೆ ಹೋದೆ. ಗುಜರಿ ಕಾರುಗಳನ್ನು ಬಿಚ್ಚಿ ಮಾರುವ ಆ ಬೀದಿಯಲ್ಲಿ ಬಾಗಿಲು, ಬಂಪರು, ಇಂಜಿನ್ನು, ಏನು ಬೇಕಾದರೂ ಸಿಗುತ್ತದೆ. ಯಾವುದೋ ಕಾರಿನಿಂದ ಕಳಚಿದ ಕೋನು ಫಿಲ್ಟರೊಂದನ್ನು ಅಂಗಡಿಯ ಭಾಯಿ ಸೀಮೆಎಣ್ಣೆಯಲ್ಲಿ ತೊಳೆದು, “ಫಾರಿನ್ ಸರಕ್ಕು ಸಾರ್” ಎಂದು ಕೈಗಿಟ್ಟ. ಪೈಪು ಬಿಗಿಯುವ ಕ್ಲಿಪ್ಪುಗಳು ಅಲ್ಲೇ ಸಿಕ್ಕವು. ಸಂದಿಗೆ ಹಳೆಯ ಟ್ಯೂಬಿನ ರಬ್ಬರು. ಕಲ್ಲು ಹೋಗದಂತೆ ಪೈಪಿನ ಬಾಯಿಗೆ ಜಾಲರಿ ಬೇಕಿತ್ತು. ಅದಕ್ಕೆ ಅಮ್ಮನ ಟೀ ಸೋಸುವ ಜರಡಿಯ ಹಿಡಿ ಕತ್ತರಿಸಿದೆ. ಜರಡಿಯನ್ನು ಕೆಲಸದವಳು ಕದ್ದಳೆಂದು ಅಮ್ಮ ಒಂದು ತಿಂಗಳು ಗೊಣಗಿದಳು. ಅದಕ್ಕೂ ನಾನು ಸುಮ್ಮನಿದ್ದೆ.

ಉಳಿದದ್ದು ಪೈಪನ್ನು ಬಗ್ಗಿಸುವುದು. ಸುಮ್ಮನೆ ಕಾಯಿಸಿ ಬಗ್ಗಿಸಿದರೆ ನಡುವೆ ಹಿಚುಕಿಕೊಳ್ಳುತ್ತದೆ. ಒಳಗೆ ಮರಳು ತುಂಬಿ, ಎರಡೂ ತುದಿಗೆ ಬಟ್ಟೆ ತುರುಕಿ, ಉರಿಯ ಮೇಲೆ ನಿಧಾನವಾಗಿ ಉರುಳಿಸಬೇಕು. ಮೇ ತಿಂಗಳ ಕತ್ತಿರಿ ಬಿಸಿಲಿನ ಒಂದು ಭಾನುವಾರ, ಅಮ್ಮ ಸ್ನಾನಕ್ಕೆ ಹೋದ ಸಮಯ ನೋಡಿ, ಎದುರು ಮನೆಯವರು ಕಟ್ಟಡಕ್ಕೆ ತಂದಿದ್ದ ಮರಳು ತುಂಬಿಕೊಂಡು ಬಂದು ಗ್ಯಾಸ್ ಒಲೆ ಹಚ್ಚಿದೆ. ಮೊದಲ ಬಗ್ಗು ಸರಿಯಾಗಿ ಬಂತು. ಎರಡನೆಯದರ ಹೊತ್ತಿಗೆ ಅಡುಗೆಮನೆ ಪೂರ್ತಿ ವಾಸನೆ. ಒದ್ದೆ ಸೀರೆಯಲ್ಲೇ ಅಮ್ಮ ಬಾಗಿಲಿಗೆ ಬಂದು ನಿಂತಳು.

“ಅಯ್ಯೋ ರಾಯರೇ! ಮಡಿ ಒಲೆ ಮೇಲೆ ಪ್ಲಾಸ್ಟಿಕ್ಕು ಸುಡ್ತಾ ಇದಾನಲ್ಲ ಇವನು! ಬುದ್ಧಿ ಎಲ್ಲೋ ಮೇಯಕ್ಕೆ ಬಿಟ್ಟಿದ್ಯಾ? ಈಗ ಇದನ್ನ ತೊಳೆಯಕ್ಕೆ ತಣ್ಣಿ ನಿಮ್ಮಪ್ಪ ತರ್ತಾರಾ?”

ಗದ್ದಲ ಕೇಳಿ ಅಪ್ಪ ಬಂದರು. ಕಪ್ಪು ಕನ್ನಡಕ ಹಾಕಿದ್ದರು, ಆ ತಿಂಗಳೇ ಅವರ ಕಣ್ಣಿನ ಪೊರೆ ತೆಗೆಸಿತ್ತು. ಪೈಪನ್ನೂ ನನ್ನನ್ನೂ ನೋಡಿ, “ಏನಪ್ಪಾ ಇದು?” ಎಂದರು.

“ಮಹಡಿ ಪೈಪಿಗೆ ಬೆಂಡ್ ಮಾಡ್ತಾ ಇದೀನಿ ಅಪ್ಪಾ. ಮೂಲೇಲಿ ನೀರು ಚೆಲ್ಲತ್ತೆ ಅಂತಿದ್ರಲ್ಲ.”

ಅಷ್ಟು ಸಲೀಸಾಗಿ ಬಂತು ಸುಳ್ಳು. ಅಪ್ಪನಿಗೆ ಖುಷಿಯಾಯಿತು. “ಮರಳು ತುಂಬಿದಾನೆ ನೋಡೇ! ಪರವಾಯಿಲ್ಲೆ, ಕೆಲಸ ಕಲ್ತಿದಾನೆ” ಎಂದು ಅಮ್ಮನಿಗೆ ಹೇಳಿ, ತಾವೇ ಎರಡು ಕೊಡ ನೀರು ಎತ್ತಿ ಕೊಡಲು ಹೋದರು. ಕಣ್ಣಿನ ಡಾಕ್ಟರು ಬಗ್ಗಬಾರದು, ಭಾರ ಎತ್ತಬಾರದು ಎಂದಿದ್ದಾರೆಂದು ಅಮ್ಮ ಕಿತ್ತುಕೊಂಡಳು. ಆ ದಿನ ಕುಡಿಯಲು ಇಟ್ಟಿದ್ದ ನೀರಿನಲ್ಲಿ ಅರ್ಧದಷ್ಟು ಒಲೆ ತೊಳೆಯಲು ಹೋಯಿತು.

ಕಣ್ಣಿನ ಡಾಕ್ಟರ ಆ ಮಾತಿನಿಂದ ನನಗೆ ಇನ್ನೊಂದು ಅನುಕೂಲವಾಗಿತ್ತು. ಅಲ್ಲಿಯವರೆಗೆ ಪ್ರತಿ ಭಾನುವಾರ ಬಾನೆಟ್ ಎತ್ತಿ ಆಯಿಲ್, ನೀರು, ಬ್ಯಾಟರಿ ನೋಡುತ್ತಿದ್ದವರು ಅಪ್ಪ. ಆಪರೇಷನ್ ಆದ ಮೇಲೆ ಅವರು ಕೀ ಗೊಂಚಲನ್ನು ನನ್ನ ಮುಂದಿಟ್ಟು, “ಇನ್ಮೇಲೆ ಬಾನೆಟ್ ನಿಂದು, ಸ್ಟೀರಿಂಗ್ ನಂದು” ಎಂದಿದ್ದರು. ಯಾರ ಕೈಗೂ ಕೊಡದಿದ್ದ ಕೆಲಸವನ್ನು ನನಗೆ ಕೊಟ್ಟಿದ್ದರು. ಅದು ಎಷ್ಟು ದೊಡ್ಡ ಮಾತು ಎಂದು ಆಗ ನನಗೆ ಹೊಳೆಯಲಿಲ್ಲ.

ಅವರು ಮಧ್ಯಾಹ್ನ ಮಲಗಿದ್ದಾಗ ಪೈಪು ಕೂರಿಸಿದೆ. ಹಳೆಯ ಡಬ್ಬಿಯನ್ನು ಹಿಂದೂ ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ಇಟ್ಟೆ, ಸರ್ವಿಸಿಗೆ ಬಿಡುವಾಗ ಮತ್ತೆ ಹಾಕಿಬಿಟ್ಟರಾಯಿತು ಎಂದು. ಪೈಪಿನ ಬಾಯಿ ಬಂಪರಿನ ಹಿಂದೆ, ನೆಲದಿಂದ ಗೇಣಿಗಿಂತ ಸ್ವಲ್ಪ ಮೇಲೆ ಬಂತು. ಸಂಜೆ ಬೀಚ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆ. ಆಕ್ಸಿಲರೇಟರ್ ತುಳಿದರೆ ಗಾಡಿ ಗುಟುರು ಹಾಕುತ್ತಿತ್ತು. ನಿಜಕ್ಕೂ ವೇಗ ಹೆಚ್ಚಿತೋ ಇಲ್ಲವೋ, ನನಗಂತೂ ಹಾರುತ್ತಿದ್ದೇನೆ ಎನ್ನಿಸಿತು.

ಅಪ್ಪ ಮೊದಲ ಗುರುವಾರವೇ ಕಂಡುಹಿಡಿದರು. “ಸೌಂಡ್ ಯಾಕೋ ಬೇರೆ ಬರ್ತಾ ಇದೆಯಲ್ಲೋ?”

“ಸೈಲೆನ್ಸರ್ ಹಳೇದಾಯ್ತಪ್ಪಾ. ನಾನು ನೋಡಿದೀನಿ, ಏನೂ ತೊಂದ್ರೆ ಇಲ್ಲ.”

“ನೋಡಿದ್ಯಾ? ಸರಿ ಹಾಗಾದ್ರೆ” ಎಂದರು. ವಾಲ್ವಿನ ಸದ್ದಿನಿಂದಲೇ ಸೋರಿಕೆ ಹಿಡಿಯುತ್ತಿದ್ದ ಕಿವಿ ಅದು. ನಾನು ನೋಡಿದೆ ಎಂದದ್ದಕ್ಕೆ ಆ ಕಿವಿಯನ್ನು ಪಕ್ಕಕ್ಕಿಟ್ಟರು. ವಾದಿರಾಜ ಮಾವನ ಮುಂದೆ, “ವಯಸ್ಸಾದ್ಮೇಲೆ ಇದಕ್ಕೆ ಗಂಟಲು ಒಡೆದಿದೆ” ಎಂದು ತಮಾಷೆಯನ್ನೂ ಮಾಡಿದರಂತೆ.

ಆ ವರ್ಷ ದೀಪಾವಳಿಯ ಆಸುಪಾಸಿಗೆ ಮಳೆ ಹಿಡಿಯಿತು. ಮೊದಲೆರಡು ದಿನ ಊರಿಗೆ ಊರೇ ಹಬ್ಬ ಮಾಡಿತು. ಅಪ್ಪ ಕೊಡೆ ಹಿಡಿದು ಅಂಗಳದ ಗುಂಡಿಯ ಪಕ್ಕ ನಿಂತು, ಪೈಪಿನಿಂದ ನೀರು ಧುಮುಕುವುದನ್ನು ನೋಡಿ ಮಗುವಿನಂತೆ ನಕ್ಕರು. ಅಮ್ಮ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಹೊರಗೆ ಸಾಲಾಗಿ ಇಟ್ಟಳು. ವಾರ ಕಳೆದರೂ ಮಳೆ ಬಿಡಲಿಲ್ಲ. ಬಂಪರಿನ ಹಿಂದಿನ ಪೈಪು ನನಗೆ ನೆನಪಾಗಲಿಲ್ಲವೆಂದಲ್ಲ. ಭಾನುವಾರ ತೆಗೆದುಬಿಡಬೇಕು ಎಂದುಕೊಂಡೆ. ಆ ಭಾನುವಾರ ಆಫೀಸಿಗೆ ಕರೆದರು. ಮುಂದಿನ ಭಾನುವಾರ ಸೆಂದಿಲ್ ಮನೆಗೆ ಬಂದ, ಅವನಿಗೆ ಗಾಡಿಯ ಸದ್ದು ಕೇಳಿಸಬೇಕಿತ್ತು. ಇನ್ನೊಂದು ವಾರ ಇರಲಿ ಎಂದು ಬಿಟ್ಟೆ.

ಬುಧವಾರವಿಡೀ ಸುರಿದ ಮಳೆ ಗುರುವಾರ ಬೆಳಿಗ್ಗೆ ಕೊಂಚ ಸಡಿಲವಾಯಿತು. ರಸ್ತೆ ಸರಿಯಿಲ್ಲ, ಕ್ಯಾಬು ಬರುವುದಿಲ್ಲ ಎಂದು ಆಫೀಸಿನಿಂದ ಮೆಸೇಜು ಬಂದಿತ್ತು. ನಾನು ಹೊದ್ದು ಮಲಗಿದ್ದೆ. ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದು, ವಾದಿರಾಜ ಮಾವನ ನಗು, ಆಮೇಲೆ ನನ್ನ ಆ ಗುಟುರು ಬೀದಿಯ ತಿರುವಿನವರೆಗೂ ಕೇಳಿಸಿತು. ಕೇಳಿ ಮಗ್ಗಲು ಬದಲಿಸಿದೆ. ಎದ್ದು ಮೆಟ್ಟಿಲಿಳಿಯಲು ಅರ್ಧ ನಿಮಿಷ ಸಾಕಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಅಪ್ಪನ ಫೋನು ಬಂತು. “ಪ್ರಾಣೇಶಾ, ಗಾಡಿ ನಿಂತ್ಹೋಯ್ತು. ಸಬ್‌ವೇಲಿ” ಎಂದಷ್ಟೇ ಹೇಳಿದರು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಾನು ಆಟೋ ಹಿಡಿದು ಹೋಗುವಷ್ಟರಲ್ಲಿ ಯಾರೋ ನಾಲ್ಕು ಜನ ಗಾಡಿಯನ್ನು ಇಳಿಜಾರಿನ ಮೇಲಕ್ಕೆ ತಳ್ಳಿ ನಿಲ್ಲಿಸಿದ್ದರು. ಅಪ್ಪ ಪಂಚೆಯನ್ನು ಮಂಡಿಯ ಮೇಲೆ ಎತ್ತಿ ಕಟ್ಟಿ ಗಾಡಿಯ ಪಕ್ಕ ನಿಂತಿದ್ದರು. ಹಣೆಯ ಅಕ್ಷತೆ ಮಳೆಗೆ ಇಳಿದು ಹುಬ್ಬಿನವರೆಗೆ ಬಂದಿತ್ತು. ಅಮ್ಮ ಮಠಕ್ಕೆಂದು ಕಟ್ಟಿದ್ದ ತುಳಸಿಮಾಲೆಯ ಪೊಟ್ಟಣವನ್ನು ಎದೆಗವಚಿಕೊಂಡಿದ್ದಳು. ವಾದಿರಾಜ ಮಾವ ಮಾತ್ರ ಒದ್ದೆಯಾದರೂ ಉತ್ಸಾಹದಲ್ಲಿದ್ದರು.

“ಏನಯ್ಯಾ ಶೀನೂ, ಮಠಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಹೇಳಿ ನಂಗೆ ತೆಪ್ಪೋತ್ಸವ ಮಾಡ್ಸಿಬಿಟ್ಯಲ್ಲ!”

ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಅಪ್ಪ ನಗಲಿಲ್ಲ. ನನ್ನ ಕಡೆ ತಿರುಗಿ, “ಸೈಕಲ್ ನೋಡಿದೆ ಕಣೋ. ಎರಡು ಸೈಕಲ್ ನೋಡಿದೆ. ಹಲ್ಲುಚಕ್ರ ಅರ್ಧ ಕಾಣಿಸ್ತಿತ್ತು” ಎಂದರು. ನನಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಅವರ ಅಳತೆ ಸರಿಯಾಗಿತ್ತು. ಅವರು ಅಳೆದದ್ದು ಹೆಡ್‌ಲೈಟಿನ ಮೇಲೆ ಮೂಗಿರುವ ಗಾಡಿಗೆ. ಅದನ್ನು ನಾನು ಕೆಳಗೆ ತಂದಿಟ್ಟಿದ್ದೆ.

“ನೀವೆಲ್ಲ ಆಟೋದಲ್ಲಿ ಮನೆಗೆ ಹೋಗಿ, ನೆನೀಬೇಡಿ. ಮೆಕ್ಯಾನಿಕ್ಕನ್ನ ನಾನು ಕರೆಸ್ತೀನಿ” ಎಂದೆ. ಎಷ್ಟು ಜವಾಬ್ದಾರಿಯ ಮಗ ಎಂದು ಅಮ್ಮ ಅಂದುಕೊಂಡಿರಬೇಕು. ಆಟೋ ಮರೆಯಾದ ಮೇಲೆ ಬಾನೆಟ್ ಎತ್ತಿದೆ. ಕ್ಲಿಪ್ಪು ಸಡಿಲಿಸಿ ಪೈಪು ಎಳೆದರೆ ಒಳಗಿಂದ ಕಂದು ನೀರು ನನ್ನ ಕಾಲ ಮೇಲೆ ಸುರಿಯಿತು. ಜರಡಿಗೆ ಒಂದು ಎಲೆ ಅಂಟಿಕೊಂಡಿತ್ತು. ಪೈಪು, ಫಿಲ್ಟರು, ಜರಡಿ ಎಲ್ಲವನ್ನೂ ಪಕ್ಕದ ಮೋರಿಗೆ ಎಸೆದೆ. ಡಿಕ್ಕಿಯಿಂದ ಹಳೆಯ ಡಬ್ಬಿ ತೆಗೆದು, ಮಳೆಯಲ್ಲೇ ಒಂದೊಂದೇ ಸ್ಕ್ರೂ ಬಿಗಿದು ಕೂರಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಮೆಕ್ಯಾನಿಕ್ ದುರೈ ಹಗ್ಗ ತಂದು ಗಾಡಿ ಎಳೆದುಕೊಂಡು ಹೋದಾಗ ಬಾನೆಟ್ಟಿನೊಳಗೆ ಎಲ್ಲವೂ ಕಂಪನಿಯಿಂದ ಬಂದ ಹಾಗೇ ಇತ್ತು.

ಮೂರನೆಯ ದಿನ ದುರೈ ಕರೆಸಿದ. ಇಂಜಿನ್ ಬಿಚ್ಚಿಹಾಕಿದ್ದ. ಒಳಗಿನ ಉಕ್ಕಿನ ತೋಳೊಂದು ಬಾಗಿಹೋಗಿತ್ತು, ಗಾಳಿಯ ಬದಲು ನೀರು ನುಗ್ಗಿದರೆ ಹಾಗಾಗುತ್ತದೆ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ದುರೈ ಕಪ್ಪು ಡಬ್ಬಿಯನ್ನು ತೋರಿಸಿ, “ತಣ್ಣಿ ಇವ್ವಳವು ಒಯರಂ ಇರುಂದುದಾ ಸಾರ್? ಅದುಲ ಪೋಯ್ ವಂಡಿಯ ವಿಟ್ಟೀಂಗಳೇ” ಎಂದ. ನೀರು ಇಷ್ಟು ಎತ್ತರ ಇತ್ತಾ, ಅದರೊಳಗೆ ಹೋಗಿ ಗಾಡಿ ಬಿಟ್ಟಿರಲ್ಲ ಎಂದು ಅವನ ಪ್ರಶ್ನೆ.

“ಇಲ್ಲೆಪ್ಪಾ. ನಾನ್ ಪಾತ್ತೇನ್. ಅವ್ವಳವು ಇಲ್ಲೆ” ಎಂದರು ಅಪ್ಪ. ಅಷ್ಟು ಇರಲಿಲ್ಲ, ನಾನು ನೋಡಿದೆ.

ದುರೈ ಮರ್ಯಾದೆಯ ಮನುಷ್ಯ. ವಾದಿಸಲಿಲ್ಲ. ನನ್ನ ಕಡೆ ನೋಡಿ ಮೆಲ್ಲಗೆ, “ಸಾರುಕ್ಕು ವಯಸಾಚ್ಚಿಲ್ಲ” ಎಂದ. ವಯಸ್ಸಾಯಿತಲ್ಲ ಎಂದು. ಮೆಲ್ಲಗೆ ಹೇಳಿದರೂ ಅಪ್ಪನಿಗೆ ಕೇಳಿಸಿತು. ನನ್ನ ಬಾಯಲ್ಲಿ ಒಂದು ವಾಕ್ಯವಿತ್ತು. ಉಗುಳು ನುಂಗಿದ ಹಾಗೆ ಅದನ್ನೂ ನುಂಗಿದೆ.

ಮರುದಿನವೇ ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಜೊತೆಗೆ ನಾನು. ಡಾಕ್ಟರು ಎರಡೆರಡು ಸಲ ಪರೀಕ್ಷೆ ಮಾಡಿ, ಕಣ್ಣು ಹರೆಯದವರಂತಿದೆ ಎಂದರು. ಕಣ್ಣಿನ ದೋಷವೇ ಆಗಿರಲಿ ಎಂದು ಅಪ್ಪ ಬೇಡಿಕೊಳ್ಳುತ್ತಿದ್ದರೆಂದು ನನಗೆ ತಿಳಿದದ್ದು ಹೊರಗೆ ಬಂದ ಮೇಲೆ. ಬಸ್ ಸ್ಟಾಪಿನಲ್ಲಿ ನಿಂತು ಅವರು ಹೇಳಿದರು.

“ಪ್ಲಾಂಟ್‌ನಲ್ಲಿ ಹುಡುಗರಿಗೆ ಹೇಳ್ತಿದ್ದೆ. ಗೇಜ್ ಸರಿ ಇದ್ದು ರೀಡಿಂಗ್ ತಪ್ಪು ಬಂದ್ರೆ, ಓದೋನು ತಪ್ಪು ಅಂತ ಅರ್ಥ. ಅವನನ್ನ ಆ ಜಾಗದಿಂದ ತೆಗೀಬೇಕು.”

ಮನೆಗೆ ಬಂದು ಕೀ ಗೊಂಚಲನ್ನು ನನ್ನ ಕೈಗಿಟ್ಟರು. “ಸ್ಟೀರಿಂಗೂ ನಿಂದೇ ಇನ್ಮೇಲೆ.” ಅಮ್ಮ, “ಒಂದ್ಸಲ ಆಗಿದ್ದಕ್ಕೆ ಇಷ್ಟೊಂದಾ? ಬಿಡಿ ಅಂದ್ರೆ” ಎಂದಳು. “ಒಂದ್ಸಲ ಸಾಕು. ಹಿಂದೆ ನೀವೆಲ್ಲ ಕೂತಿದ್ರಿ” ಎಂದು ಒಳಗೆ ಹೋದರು. ಅವರು ಮತ್ತೆಂದೂ ಸ್ಟೀರಿಂಗ್ ಮುಟ್ಟಲಿಲ್ಲ.

ಗಾಡಿ ಅಪ್ಪನ ಉಳಿತಾಯದಿಂದ ರಿಪೇರಿಯಾಗಿ ಬಂತು. ಗುರುವಾರ ನನಗೆ ಆಫೀಸು. ಅಪ್ಪ ಅಮ್ಮ ಕೆಲವು ವಾರ ಆಟೋದಲ್ಲಿ ಮಠಕ್ಕೆ ಹೋದರು, ಆಮೇಲೆ ಮನೆಯಲ್ಲೇ ರಾಯರ ಪಟದ ಮುಂದೆ ಕೂತರು. ವಾದಿರಾಜ ಮಾವ ತೆಪ್ಪೋತ್ಸವದ ಕಥೆಯನ್ನು ಬೀದಿಯ ತುಂಬ ಹೇಳಿ ನಗಿಸಿದರು. ನಿಜಕ್ಕೂ ಹೆಚ್ಚು ಕಳೆದುಕೊಂಡವರು ಅವರೇ. ಎರಡು ವರ್ಷ ಮಠದ ಮೆಟ್ಟಿಲು ಕಾಣದೆಯೇ ತೀರಿಕೊಂಡರು. ಅವರ ಹದಿಮೂರನೆಯ ದಿನದ ಊಟ ಮುಗಿಸಿ ಬರುವಾಗ ಅಪ್ಪ, “ನನ್ನ ನಂಬಿ ಕೂರ್ತಿದ್ದ ಪಾಪ” ಎಂದರು. ಆಗಲಾದರೂ ಹೇಳಬಹುದಿತ್ತು.

ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲು ಭಯ. ಆಮೇಲೆ, ತಿಂಗಳುಗಟ್ಟಲೆ ಸುಮ್ಮನಿದ್ದದ್ದಕ್ಕೆ ಏನು ಕಾರಣ ಹೇಳಲಿ ಎಂಬ ಸಂಕೋಚ. ಮದುವೆಯಾಯಿತು, ಮಗಳು ಹುಟ್ಟಿದಳು, ಬಿಳಿ ಕಾರು ಮಾರಿಹೋಯಿತು, ಈಗೇಕೆ ಕೆದಕುವುದು ಎಂಬ ಸೋಮಾರಿತನ. ಅಪ್ಪ ಮರೆತಿರಬಹುದು ಎಂದೂ ನಂಬಿಕೊಂಡೆ. ಆದರೆ ಮಳೆಗಾಲದಲ್ಲಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವಾಗ ರಸ್ತೆಯಲ್ಲಿ ಅಂಗೈಯಷ್ಟು ನೀರು ಕಂಡರೂ ಅವರು ಡ್ಯಾಶ್‌ಬೋರ್ಡ್ ಹಿಡಿದು ಕೇಳುತ್ತಿದ್ದರು. “ಹೋಗ್ಬಹುದೇನೋ? ನೀನೇ ನೋಡಪ್ಪಾ. ನಂಗೆ ಗೊತ್ತಾಗಲ್ಲ.” ಕಾಲು ಚಮಚ ಉಪ್ಪು ಗೊತ್ತಾಗುತ್ತಿದ್ದವರು ಹಾಗೆ ಕೇಳುವಾಗ ನಾನು, “ಹೋಗ್ಬಹುದಪ್ಪಾ” ಎಂದು ಮುಂದೆ ನೋಡುತ್ತಿದ್ದೆ.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಅಪ್ಪ ನಮ್ಮೊಡನೆಯೇ ಇದ್ದಾರೆ. ಮೊನ್ನೆ ಏಳುಮಲೈ ಕೆಲಸ ಮುಗಿಸಿ ಹೋದ ಮೇಲೆ ಕಾಫಿ ತೆಗೆದುಕೊಂಡು ಅವರ ಹತ್ತಿರ ಹೋದೆ. ಹಾಲ್‌ನಲ್ಲಿ ಕುರ್ಚಿಯ ಮೇಲೆ ಕೂತು ಗಾಳಿ ಮೂಸುತ್ತಿದ್ದರು. ಮುಖದಲ್ಲಿ ನಗು.

“ಈ ವಾಸನೆ ಗೊತ್ತಾಯ್ತಾ? ಒಲೆ ಮೇಲೆ ಪೈಪ್ ಬಗ್ಗಿಸ್ತಿದ್ದೆಯಲ್ಲ ನೀನು. ನಿಮ್ಮಮ್ಮ ಒದ್ದೆ ಸೀರೇಲಿ ಬಂದು ಏನ್ ಕೂಗಾಟ! ಮರಳು ತುಂಬಿ ಎಷ್ಟು ಚೆನ್ನಾಗಿ ಮಾಡಿದ್ದೆ.” ಒಂದು ಗುಟುಕು ಕುಡಿದು, ಏನೋ ನೆನಪಾದವರಂತೆ ಕೇಳಿದರು. “ಅದ್ಸರಿ, ಆ ಪೈಪ್ ಎಲ್ಲಿ ಹಾಕ್ದೆ? ಮಹಡೀಲಿ ನಾನು ನೋಡ್ಲೇ ಇಲ್ಲ.”

ಅವರ ಪ್ರಶ್ನೆಯಲ್ಲಿ ಅನುಮಾನವಿರಲಿಲ್ಲ. ಮಗ ಮಾಡಿದ ಒಳ್ಳೆಯ ಕೆಲಸ ಎಲ್ಲಿ ಹೋಯಿತು ಎಂದು ಕೇಳುತ್ತಿದ್ದರು, ಅಷ್ಟೇ. ನಾನು ಅವರ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಸೆಂದಿಲ್ ಕೊಟ್ಟ ಪುಟ, ಅದರ ಕೊನೆಯ ಸಾಲು, ಎರಡು ಭಾನುವಾರ, ಗುರುವಾರ ಬೆಳಿಗ್ಗೆ ಮಗ್ಗಲು ಬದಲಿಸಿದ್ದು, ಮೋರಿಗೆ ಎಸೆದದ್ದು, ದುರೈ ಮುಂದೆ ಬಾಯಿ ಮುಚ್ಚಿಕೊಂಡದ್ದು. ನಡುವೆ ಅಳು ಬಂತು. ನಾನು ಮುಗಿಸಿದ ಮೇಲೆ ಅಪ್ಪ ಕೇಳಿದರು.

“ಬಾಯಿ ಎಷ್ಟು ಎತ್ತರದಲ್ಲಿತ್ತು?”

“ಒಂದು ಗೇಣಪ್ಪಾ. ಸ್ವಲ್ಪ ಜಾಸ್ತಿ.”

ಅವರು ಲೋಟ ಕೆಳಗಿಟ್ಟು, ಬಗ್ಗಿ, ನೆಲದಿಂದ ಕುರ್ಚಿಯ ಕಾಲಿಗೆ ಗೇಣು ಹಾಕಿ ನೋಡಿದರು. ಹೆಬ್ಬೆರಳು ನೆಲದ ಮೇಲೆ, ಕಿರುಬೆರಳು ಮೇಲೆ. ಅಲ್ಲಿಗೆ ನೀರು ಬಂದಂತೆ ಕಿರುಬೆರಳ ತುದಿಯನ್ನೇ ನೋಡುತ್ತಾ, “ಸರಿಯಾಗೇ ನೋಡಿದೀನಿ ನಾನು” ಎಂದರು. ನನ್ನನ್ನು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಕೈ ಅಲ್ಲಿಂದ ತೆಗೆಯದೆ, ಗೇಜು ಓದಿ ಬರೆಸುವ ಹಾಗೆ ಸಮನಾದ ದನಿಯಲ್ಲಿ ಇನ್ನೊಂದು ಮಾತು ಹೇಳಿದರು.

“ಅಂದ್ರೆ ಇಷ್ಟು ವರ್ಷ ನಾನು ಗಾಡಿ ಓಡಿಸ್ಬಹುದಿತ್ತು.”